ಹನ್ನೆರಡು ಬಾಡಿಗೆ ಬಂಟರು ಮತ್ತು ಒಂದು ಬಾಟಲಿ ಬಿಯರ್

ಈ ಸಲ ನನ್ನ ಪಡೆಯಲ್ಲಿ ಒಬ್ಬನೇ ಒಬ್ಬನೂ ಸಾಯಕೂಡದು!

ಕಾರ್ನಿವಲ್ ಮಂಗಳವಾರದ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು ಹಾಗೆಂದು ಪ್ರತಿಜ್ಞೆ ಮಾಡಿದೆ. ಎಲ್ ಆಲ್ಟೊ ಊರು ಹುಟ್ಟಿದಾಗಿನಿಂದ ಇಂಥ ದಂಡನಾಯಕಿಯನ್ನು ಕಂಡಿರಲಿಲ್ಲ! ಚಿಕ್ಕಮ್ಮ ಬಸಿಲಿಯಾಳ ಜೆರಾಕ್ಸ್ ಅಂಗಡಿಗೆ ಬಂದವರ ಮುಖ ನೋಡಿ ಮಾತಾಡಲೂ ನಾಚುವ, ಹೋದ ವರ್ಷ ಶಾಲೆ ಬಿಟ್ಟ ಈ ಸೆಲಿಂದಾ, ಆಟದೊಳಗೆ ಹನ್ನೆರಡು ಬಾಡಿಗೆ ಬಂಟರ ಒಡತಿ! ಹಬ್ಬಕ್ಕೆಂದು ಅಂಗಡಿ ಮುಚ್ಚಿತ್ತು. ಕಂಪ್ಯೂಟರ್ ಇಡೀ ದಿನ ನನ್ನದೇ.

ಬಂಟರೆಂದರೆ ಮಹಾಶೂರರೆಂದು ತಿಳಿಯಬೇಡಿ. ಒಬ್ಬ ರೊಟ್ಟಿ ಸುಡುತ್ತಿದ್ದವನು, ಒಬ್ಬ ಮಠದಿಂದ ಓಡಿಬಂದವನು, ಒಬ್ಬ ಕೋಳಿ ಕಳ್ಳ. ಅವರಿಗೆ ಹಸಿವಾಗುತ್ತದೆ, ಗಾಯವಾಗುತ್ತದೆ, ಸಂಬಳ ತಡವಾದರೆ ಗೊಣಗುತ್ತಾರೆ. ಸತ್ತವನು ಸತ್ತ, ಹಿಂದಕ್ಕೆ ಹೋಗಿ ಮತ್ತೆ ಆಡುವಂತಿಲ್ಲ.

ಪಡೆಯ ಬಾವುಟ ಹಿಡಿಯುವವನಿಗೆ ಹೆಸರಿಟ್ಟವಳು ಅಜ್ಜಿ. ಮೆಲಿತೋನ್! ತೀರಿಕೊಂಡ ನನ್ನ ಅಜ್ಜನ ಹೆಸರು. ಅಜ್ಜನ ಹಾಗೇ ಬೋಳುತಲೆ, ಅಜ್ಜನ ಹಾಗೇ ಸಿಡುಕು ಮೋರೆ. ಅವನು ಪಡೆಗೆ ಸೇರಿದಂದಿನಿಂದ ಅಜ್ಜಿ ಉಣ್ಣೆ ನೂಲುವ ಕದಿರು ಹಿಡಿದು ನನ್ನ ಪಕ್ಕದಲ್ಲೇ ಠಿಕಾಣಿ ಹೂಡಿದ್ದಳು.

"ನೋಡೇ ಸೆಲಿ, ನಿಮ್ಮಜ್ಜ ಒಂದ್ಸಲ ಸತ್ತಿದ್ದು ಸಾಕು. ಇನ್ನೊಂದ್ಸಲ ಸಾಯ್ಸಿದ್ಯೋ, ಈ ಮನೇಲಿ ನಿನಗೆ ಒಂದು ಬಟ್ಟಲು ಸೂಪೂ ಇಲ್ಲ!"

ಅಂದು ಕೊನೆಯ ಮಹಾಕಾಳಗ. ಪಡೆಯನ್ನು ಗುಡ್ಡದ ನೆತ್ತಿಯ ಮೇಲೆ ನಿಲ್ಲಿಸಿದೆ. ಕೆಳಗೆ ಕಬ್ಬಿಣದ ಕವಚ ತೊಟ್ಟ ರಾಕ್ಷಸ ಗಾತ್ರದ ಧಾಂಡಿಗರು. ನಾನು ಲೆಕ್ಕ ಹಾಕಿದೆ. ಅಳಿಸಿ ಮತ್ತೆ ಹಾಕಿದೆ. ಗಾಳಿಯ ದಿಕ್ಕು ನೋಡಿದೆ.

"ಏನ್ ಮಾಡ್ತಿದ್ದೀಯೇ?"

"ಯೋಚನೆ, ಅಜ್ಜಿ."

"ನೀನು ಯೋಚ್ನೆ ಮುಗ್ಸೋದ್ರೊಳಗೆ ಹೊಲದಲ್ಲಿರೋ ಆಲೂಗಡ್ಡೆ ಹಿಮಕ್ಕೆ ಒಣಗಿ ಕಲ್ಲಿನಂಥ ಚುನ್ಯೋ ಆಗಿರತ್ತೆ!"

ಅವಮಾನವಾಯಿತು. ರೊಟ್ಟಿಯವನನ್ನು ಗುಡ್ಡ ಇಳಿಸಿ ಕೊಡಲಿ ಎತ್ತಿಸಿದೆ. ಏಟು ತಗಲುವ ಸಾಧ್ಯತೆ ನೂರಕ್ಕೆ ತೊಂಬತ್ತೈದು ಎಂದಿತು ಪರದೆ. ಕೊಡಲಿ ಬೀಸಿದ. ಗಾಳಿ ಎರಡು ಹೋಳಾಯಿತು! ಧಾಂಡಿಗ ನಿಂತಲ್ಲೇ ನಿಂತಿದ್ದ. ನೆರವಿಗೆ ಕೋಳಿ ಕಳ್ಳನನ್ನು ಇಳಿಸಿದೆ. ಮತ್ತೆ ತೊಂಬತ್ತೈದು, ಮತ್ತೆ ಗಾಳಿ! ಆಮೇಲೆ ಧಾಂಡಿಗನ ಸರದಿ. ರೊಟ್ಟಿಯವನ ತಲೆಯ ಜೊತೆಗೆ ನನ್ನ ಪ್ರತಿಜ್ಞೆಯೂ ಗುಡ್ಡದ ಬುಡಕ್ಕೆ ಉರುಳಿತು. ಕಳ್ಳ ಕಾಲಿಗೆ ಬುದ್ಧಿ ಹೇಳಿ ಮೇಲಕ್ಕೆ ಓಡಿದ. ಎಲ್ಲಿಂದಲೋ ಹಾರಿಬಂದ ಬಾಣ ಮೆಲಿತೋನನ ಭುಜಕ್ಕೆ ನಾಟಿತು.

ಅಜ್ಜಿಯ ಕದಿರು ನಿಂತಿತು.

"ಇವರಿಗೆ ಚಾಲ್ಲಾ ಪೂಜೆ ಮಾಡ್ಸಿದ್ಯಾ?"

"ಅಜ್ಜೀ, ಇವರೆಲ್ಲ ಕಂಪ್ಯೂಟರ್ ಒಳಗಿನವರು!"

"ಒಲೆಗೆ ಬಿಯರ್ ಚಿಮುಕಿಸ್ದೆ, ಹೊಲಿಗೆ ಮಿಷನ್‌ಗೆ ಚಿಮುಕಿಸ್ದೆ, ಪಕ್ಕದ್ಮನೆಯವರು ಮಿನಿಬಸ್‌ಗೇ ಹಾರ ಹಾಕಿ ಸ್ನಾನ ಮಾಡ್ಸಿದ್ರು. ವರ್ಷಕ್ಕೊಂದು ದಿನ! ಭೂಮಿತಾಯಿ ಪಾಚಮಾಮಾಗೆ ಒಂದು ತೊಟ್ಟು ಕೊಡದೆ ನನ್ನ ಗಂಡನ್ನ ಯುದ್ಧಕ್ಕೆ ಕಳ್ಸಿದ್ದೀಯಲ್ಲೇ!"

ಅಂಕಿಗಳನ್ನೇ ನಂಬಿದವಳು ನಾನು. ಆಗುವುದಿಲ್ಲ ಎಂದೆ. ಮೂರನೆಯ ತೊಂಬತ್ತೈದೂ ಗಾಳಿಗೆ ಹೋಯಿತು. ಎರಡನೆಯ ಬಾಣ ಮೆಲಿತೋನನ ತೊಡೆಗೆ ಬಿತ್ತು.

"ಸರಿ ಅಜ್ಜಿ! ಒಂದೇ ಒಂದು ತೊಟ್ಟು! ಮೇಜಿನ ಮೂಲೆಗೆ ಮಾತ್ರ!"

ಅಜ್ಜಿ ಬಿಯರ್ ಬಾಟಲಿ ತಂದು ಚೆನ್ನಾಗಿ ಕುಲುಕಿ, ಬಾಯಿಗೆ ಹೆಬ್ಬೆರಳು ಒತ್ತಿ, "ತಾಯೀ, ನನ್ನ ಮುದುಕನ್ನ ಕಾಪಾಡು!" ಎಂದು ಬೆರಳು ಸಡಿಲಿಸಿದಳು. ಅಯ್ಯಯ್ಯೋ! ಮೇಜಿಗೆ ಅಭಿಷೇಕ, ಪರದೆಗೆ ಅಭಿಷೇಕ, ನನ್ನ ಮೂಗಿಗೂ ಅಭಿಷೇಕ! ಮೇಲಿಂದ ಒಂದು ಹಿಡಿ ಬಣ್ಣದ ಕಾಗದದ ಚೂರು. ಕೀಬೋರ್ಡು ನೊರೆಯಲ್ಲಿ ತೇಲಿತು. ಮೌಸ್ ಹಿಡಿದರೆ ಅದು ಆಗಲೇ ಕುಡಿದು ಮಲಗಿತ್ತು. ಒಂದು ಕೀಲಿ ಮಾತ್ರ ಒಳಕ್ಕೆ ಅಂಟಿಕೊಂಡು ಮೇಲೇಳಲೇ ಇಲ್ಲ. ಅದು 'ವಿಶ್ರಾಂತಿ' ಎಂಬ ಆಜ್ಞೆಯ ಕೀಲಿ!

ಮಠದವನ ಸರದಿ ಬಂತು: ವಿಶ್ರಾಂತಿ. ಕಳ್ಳನ ಸರದಿ: ವಿಶ್ರಾಂತಿ. ಮೆಲಿತೋನ್: ವಿಶ್ರಾಂತಿ! ಗುಡ್ಡದ ಮೇಲೆ ನನ್ನ ಇಡೀ ಪಡೆ ಬಸ್ಸಿಗೆ ಕಾಯುವವರ ಹಾಗೆ ನಿಂತಿತ್ತು. ಕೆಳಗಿನಿಂದ ಸಾವು ಹತ್ತಿ ಬರುತ್ತಿತ್ತು.

ನನ್ನ ಚೀರಾಟ ಕೇಳಿ ಚಿಕ್ಕಮ್ಮ ಓಡಿಬಂದಳು. "ಅಯ್ಯೋ ನನ್ನ ಕೀಬೋರ್ಡು!"

"ಶ್! ನಿಮ್ಮಪ್ಪ ಯುದ್ಧ ಮಾಡ್ತಿದ್ದಾರೆ!" ಎಂದಳು ಅಜ್ಜಿ.

"ಎಲ್ಲಮ್ಮಾ ಮಾಡ್ತಿದ್ದಾರೆ? ಸುಮ್ನೆ ನಿಂತಿದ್ದಾರಲ್ಲ!"

"ಬದುಕಿದ್ದಾಗ್ಲೂ ಹಾಗೇ."

ಆದರೆ ಆ ಆಟದಲ್ಲಿ ನಿಂತವನಿಗೆ ಉಸಿರು ತುಂಬುತ್ತದೆ, ಏರುವವನದು ಖಾಲಿಯಾಗುತ್ತದೆ. ಆ ಕಬ್ಬಿಣವನ್ನೆಲ್ಲ ಹೊತ್ತು ಗುಡ್ಡ ಹತ್ತಿದ ಧಾಂಡಿಗರು ನೆತ್ತಿ ತಲುಪುವಷ್ಟರಲ್ಲಿ ನಾಲಿಗೆ ಹೊರಚಾಚಿದ್ದರು. ಗದೆ ಎತ್ತಲೂ ತ್ರಾಣವಿಲ್ಲ! ಈಟಿ ಹಿಡಿದವನು ವಿಶ್ರಾಂತಿಯಲ್ಲಿದ್ದರೂ ಹತ್ತಿರ ಬಂದವನನ್ನು ತಾನಾಗಿ ತಿವಿಯುತ್ತಾನೆ. ನನ್ನ ಈಟಿಯವರು ತಿವಿದರು! ಮೊದಲನೆಯವನು ಉರುಳಿ ಹಿಂದಿನವನನ್ನೂ ಉರುಳಿಸಿದ. ಕೊನೆಯವನನ್ನು ಬಾವುಟದ ಕೋಲಿನಿಂದಲೇ ಕೆಡವಿದವನು ಮೆಲಿತೋನ್, ಎರಡು ಬಾಣ ಚುಚ್ಚಿಕೊಂಡು, ಅದೇ ಸಿಡುಕು ಮೋರೆಯಲ್ಲಿ! ಅಜ್ಜಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಚಿಕ್ಕಮ್ಮ ಕೀಬೋರ್ಡಿನ ಶೋಕ ಮರೆತು "ಅಪ್ಪಾ!" ಎಂದು ಕೂಗಿದಳು. ನಾನು ಆಜ್ಞೆ ಕೊಟ್ಟ ಒಬ್ಬೊಬ್ಬನೂ ಸೋತಿದ್ದ. ಆಜ್ಞೆ ನಿಂತ ಮೇಲೆ ಒಬ್ಬನಿಗೂ ಗೀರು ಬಿದ್ದಿರಲಿಲ್ಲ.

ವಿಜಯದ ಕಹಳೆ ಮೊಳಗಿತು. ಪರದೆಯ ಮೇಲೆ ಹನ್ನೊಂದು ಮಂದಿಯೂ ಸಾಲಾಗಿ ನಿಂತು ತಲೆಬಾಗಿದರು. ಕೆಳಗೆ ಬಂಗಾರದ ಅಕ್ಷರ ಮೂಡಿತು: 'ದಂಡನಾಯಕರೇ, ಮುಂದಿನ ಅಪ್ಪಣೆ ಏನು?'

ಏನೆಂದು ಕೇಳಿದ ಅಜ್ಜಿಗೆ ಓದಿ ಹೇಳಿದೆ. ಅವಳು ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಪರದೆಯ ಹತ್ತಿರ ಬಗ್ಗಿದಳು.

"ಏನಿಲ್ಲ ಕಣ್ರಪ್ಪಾ, ಉಂಡು ಮಲಕ್ಕೊಳ್ಳಿ. ಇವಳು ಏನಾದ್ರೂ ಹೇಳಿದ್ರೆ ಮಾತ್ರ ಕೇಳ್ಬೇಡಿ!"