ಪತ್ರೊಡೆಯ ಬೆನ್ನು ಹತ್ತಿ ಹೋದ ನಮ್ಮ ಟಿವಿ

ಟಿವಿ ಹಾಕುವುದು ಒಂದು ಕಷ್ಟವೇ? ರಿಮೋಟ್ ಒತ್ತಿದರೆ ಆಯಿತು. ಹಾಗೆ ನಂಬಿಯೇ ನಾನು ಆ ಭಾನುವಾರ ಮಧ್ಯಾಹ್ನ ಕೊಡಗಿನ ಕಕ್ಕಬೆಯ ನಮ್ಮ ಮನೆಗೆ ಹದಿನೈದು ಜನರನ್ನು ಕರೆದಿದ್ದೆ.

ಕಾರಣ ಸಣ್ಣದಲ್ಲ. ಕಳೆದ ಮಳೆಗಾಲದಲ್ಲಿ ಹೊರದೇಶದ ಅಡುಗೆ ಕಾರ್ಯಕ್ರಮದವರು ಬಂದು, ನನ್ನ ಹೆಂಡತಿ ಜಾನಕಿ ಮರದ ಮೇಲೆ ಬೆಳೆಯುವ ಮರಕೆಸದ ಎಲೆಯ ಪತ್ರೊಡೆ ಮಾಡುವುದನ್ನು ಚಿತ್ರೀಕರಿಸಿದ್ದರು. ಅದೀಗ ಆನ್‌ಲೈನಿನಲ್ಲಿ ಬಂದಿತ್ತು. ನಮ್ಮ ಮದುವೆಯ ಫೋಟೋಗಳಲ್ಲೆಲ್ಲ ಕಣ್ಣು ಮುಚ್ಚಿಕೊಂಡಿರುವ ಜಾನಕಿ, "ನಂಗೇನೂ ನೋಡ್ಬೇಕೂಂತ ಇಲ್ಲಪ್ಪ" ಎನ್ನುತ್ತಲೇ ಬೆಳಿಗ್ಗೆಯಿಂದ ಎರಡು ಸಲ ಸೀರೆ ಬದಲಿಸಿದ್ದಳು.

ಫೋನಿನ ನೆಟ್ಟನ್ನು ಟಿವಿಗೆ ಕೊಟ್ಟು, ಶಾಸ್ತ್ರೋಕ್ತವಾಗಿ ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದೇ ಸಾಲು: "ಈ ಕಾರ್ಯಕ್ರಮ ನಿಮ್ಮ ಸ್ಥಳದಲ್ಲಿ ಲಭ್ಯವಿಲ್ಲ."

ನಾನು ಹೆದರಲಿಲ್ಲ. ನಮ್ಮಲ್ಲಿ ನಡುಮನೆಯಲ್ಲಿ ಸಿಗದ ಸಿಗ್ನಲ್ಲು ಜಗಲಿಯಲ್ಲಿ ಸಿಗುತ್ತದೆ. ಸ್ಥಳ ಬದಲಿಸಿದರಾಯಿತು! ಟಿವಿಯನ್ನು ಜಗಲಿಗೆ ತಂದೆವು. ಲಭ್ಯವಿಲ್ಲ. ಉದ್ದದ ವಯರು ಎಳೆದು ಕಾಫಿ ಒಣಗಿಸುವ ಕಣಕ್ಕೆ ಇಳಿಸಿದೆವು. ಕುರ್ಚಿಗಳೂ ಇಳಿದವು. ಅಲ್ಲಿಯೂ ಲಭ್ಯವಿಲ್ಲ.

"ನಮ್ಮಲ್ಲಿಗೆ ತನ್ನಿ, ನಮ್ದು ವೈಫೈ ಉಂಟು" ಎಂದರು ಪಕ್ಕದ ಮನೆಯ ಬೊಳ್ಳಮ್ಮ. ಮುಂದೆ ಟಿವಿ, ಹಿಂದೆ ಹದಿನೈದು ಜನ. ಕಾಫಿ ತೋಟದ ನಡುವೆ ಅಂಥ ಮೆರವಣಿಗೆ ನಮ್ಮ ಮದುವೆಗೂ ಹೊರಟಿರಲಿಲ್ಲ. ವೈಫೈಯೂ ಅದೇ ಸಾಲನ್ನು ಇನ್ನಷ್ಟು ಬೇಗ ತೋರಿಸಿತು!

"ಸಾಕು ಮಾರಾಯ್ರೆ, ಬಿಡಿ" ಎಂದಳು ಜಾನಕಿ. ಹಾಗೆನ್ನುವಾಗ ಅವಳ ಧ್ವನಿ ಸಣ್ಣದಾಗಿತ್ತು. ಅದೇ ನನ್ನನ್ನು ಕೆಡಿಸಿದ್ದು. ಟಿವಿಯನ್ನು ಜೀಪಿಗೆ ಹಾಕಿ, ಮೊಬೈಲ್ ಟವರಿನ ಪಕ್ಕದಲ್ಲೇ ಇರುವ ಹಂಸನ ಚಹಾದಂಗಡಿಗೆ ಹೊರಟೆ. ಜಾನಕಿ ಜೀಪಿನಲ್ಲಿ, ಉಳಿದವರು ಹಿಂದೆ ನಡೆದು.

ಅಲ್ಲಿ ಹಾಕಿದರೂ ಅದೇ ಸಾಲು. ಹಂಸ ಪರದೆಯನ್ನು ಓದಿದ. ನನ್ನನ್ನು ನೋಡಿದ. ಮತ್ತೆ ಓದಿದ.

"ಸಾರ್, ಸ್ಥಳ ಅಂದ್ರೆ ಮನೆ ಅಲ್ಲ, ದೇಶ. ಇದು ಇಂಡಿಯಾದಲ್ಲೇ ಇಲ್ಲ. ಇನ್ನು ಎಲ್ಲಿವರೆಗೆ ಹೊತ್ಕೊಂಡು ಹೋಗ್ತೀರಿ?"

ಜಗತ್ತೆಲ್ಲ ನೋಡುವ ಜಾನಕಿಯನ್ನು ಜಾನಕಿಯೇ ನೋಡುವಂತಿಲ್ಲ! ಹಂಸ ಕೂಡಲೇ ಮಸ್ಕತ್‌ನಲ್ಲಿರುವ ತಂಗಿಗೆ ವಿಡಿಯೋ ಕರೆ ಮಾಡಿ, "ನಿನ್ನ ಟಿವಿ ಹಾಕು, ಫೋನನ್ನ ಅದರ ಎದುರು ಹಿಡಿ" ಎಂದ. ಅಲ್ಲಿ ಬಂತು!

"ಎತ್ತಿ ಹಿಡೀರಿ, ಕಾಣ್ತಿಲ್ಲ!" ಎಂದು ಹಿಂದಿನವರು ಕೂಗಿದರು. ಎಲ್ಲರಿಗಿಂತ ಉದ್ದ ನಾನು. ಹಂಸನ ಫೋನನ್ನು ಎರಡೂ ಕೈಯಲ್ಲಿ ಎತ್ತಿ, ಅವರ ಕಡೆ ತಿರುಗಿಸಿ ಹಿಡಿದು ನಿಂತೆ.

"ಅಯ್ಯೋ, ಜಾನಕಿ! ಎಷ್ಟು ಚೆಂದ ಮಾತಾಡ್ತೀಯ!" ಬೊಳ್ಳಮ್ಮ ಚಪ್ಪಾಳೆ ತಟ್ಟಿದರು. ಜಾನಕಿ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಿದ್ದಳು. ಕಣ್ಣು ಮಾತ್ರ ಮುಚ್ಚಲಿಲ್ಲ. ನಾನು ಆ ಮುಖವನ್ನೇ ನೋಡುತ್ತಾ ನಿಂತೆ. ಕೈ ನೋಯುತ್ತಿದ್ದದ್ದು ಆಮೇಲೆ ಗೊತ್ತಾಯಿತು. ಎರಡು ನಿಮಿಷಕ್ಕೆ ಕರೆ ಕಡಿದುಹೋಯಿತು.

ಜೀಪು ಹತ್ತಿದ ಮೇಲೆ ಅವಳು ಮೆಲ್ಲಗೆ ಕೇಳಿದಳು. "ಹೇಗೆ ಕಂಡೆ ನಾನು?"

"ಭಾರಿ ಚೆಂದ" ಎಂದೆ. ಸುಳ್ಳಲ್ಲ.

"ಹೌದಾ? ಅದ್ರಲ್ಲಿ ಯಾವ ಸೀರೆ ಉಟ್ಟಿದ್ದೆ, ಹೇಳಿ ನೋಡುವ?"

ನಾನು ಕಂಡದ್ದು ಫೋನಿನ ಬೆನ್ನು ಮಾತ್ರ. ಬಹಳ ಗಾಂಭೀರ್ಯದಿಂದ ಗೇರ್ ಹಾಕಿದೆ.

ಜೀಪು ಹಿಂದಕ್ಕೆ ಹೋಯಿತು!