ಕಹಿ ತೊಗಟೆಗೆ ಕೇಳಿದ ಕೊಸರು

ಒಂದು ಬಾಟಲಿ ಕಹಿ ನೀರಿಗೆ ನನಗೆ ಬಿದ್ದ ಖರ್ಚು ನೂರಾ ಎಂಬತ್ತು ರೂಪಾಯಿ, ಅದರ ಮೇಲೆ ಮಾಗಡಿಗೆ ಎರಡು ಸಲ ಹೋಗಿಬಂದ ಬಸ್ ಚಾರ್ಜು. ಒಂದು ಕಟ್ಟು ಕೊತ್ತಂಬರಿಗೆ ಮೂರು ಅಂಗಡಿ ಸುತ್ತುವ ನಾನು ಇಷ್ಟು ಸುರಿದದ್ದಕ್ಕೆ ಕಾರಣವಿದೆ. ಬಿಡದಿಯ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ರಾಮನಗರದಲ್ಲಿ ನನ್ನದು ಸೋಡಾ ಅಂಗಡಿ. ಒಂದು ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಇಳಿದಿದ್ದ ವಿದೇಶಿ ಎಂಜಿನಿಯರಿಗೆ ಟಾನಿಕ್ ವಾಟರ್ ಎಂಬ ಕಹಿ ಸೋಡಾ ಬೇಕಾಗಿತ್ತು. ಅದೂ ತೊಗಟೆ ಕುದಿಸಿ ಮಾಡಿದ್ದೇ ಆಗಬೇಕಂತೆ. "ಶನಿವಾರದೊಳಗೆ ಮಾಡ್ಕೊಟ್ರೆ ವಾರವಾರದ ಆರ್ಡರು ನಿಮ್ದೇ ಕಣಣ್ಣ. ಇಲ್ದಿದ್ರೆ ಬೆಂಗ್ಳೂರ್ನೋರಿಗೆ ಹೋಯ್ತದೆ" ಎಂದ ಅಲ್ಲಿನ ಅಡುಗೆಯ ಚಿಕ್ಕಣ್ಣ. ಹಿಂದೆ ಯಾವುದೋ ಕ್ಲಬ್ಬಿನಲ್ಲಿ ಕೆಲಸ ಮಾಡಿದವನು, ಚೀಟಿಯನ್ನೂ ಬರೆದುಕೊಟ್ಟ: ಮಲೇರಿಯಾಕ್ಕೆ ಕ್ವಿನೈನ್ ತೆಗೆಯುವ ಸಿಂಕೋನಾ ಮರದ ತೊಗಟೆ ಹತ್ತು ಗ್ರಾಂ, ನಿಂಬೆ ಸಿಪ್ಪೆ, ಮಜ್ಜಿಗೆಹುಲ್ಲು, ಸಕ್ಕರೆ, ಕೊನೆಗೆ ಸೋಡಾ. ಜ್ವರ ಬಂದಾಗಲೂ ಕಷಾಯ ಕಂಡರೆ ಓಡುವ ವಂಶ ನನ್ನದು. ಕಾಸು ಕೊಟ್ಟು ಕಹಿ ಕುಡಿಯುವ ಮನುಷ್ಯನನ್ನು ನೋಡಲೇಬೇಕೆನಿಸಿತು.

ಮಾಗಡಿಯ ಗ್ರಂಧಿಗೆ ಅಂಗಡಿಯ ಶೆಟ್ಟರು ಬೇರು, ನಾರು, ತೊಗಟೆ ಎಲ್ಲ ಮಾರುತ್ತಾರೆ. ಹತ್ತು ಗ್ರಾಂ ತೂಗಿದರು. ತೂಗಿದ ಮೇಲೆ ಒಂದು ಹಿಡಿ ಬಿಟ್ಟಿ ಕೊಸರು ಹಾಕಿಸಿಕೊಳ್ಳದೆ ನಾನು ಜನ್ಮದಲ್ಲಿ ಅಂಗಡಿ ಇಳಿದವನಲ್ಲ.

"ಒಸಿ ಕೊಸರು ಹಾಕಿ ಶೆಟ್ರೇ."

"ಇದೇನು ಅವರೆಕಾಯಾ? ಕಹಿ ತೊಗಟೆ ಕಣಪ್ಪಾ!"

"ಕಹಿಯಾದ್ರೇನು, ಕೊಸರು ಕೊಸರೇ."

ಬೇಸತ್ತು ಒಂದು ಹಿಡಿ ಎಸೆದರು. ಬಿಟ್ಟಿ ಬಂದದ್ದನ್ನು ವ್ಯರ್ಥ ಮಾಡುವುದುಂಟೇ? ಎಲ್ಲವನ್ನೂ ಕುದಿಸಿ, ಪಂಚೆಯಲ್ಲಿ ಸೋಸಿ, ಸಕ್ಕರೆ ಬೆರೆಸಿ, ಸೋಡಾ ಸುರಿದು ಹೆಂಡತಿಗೆ ಒಂದು ಚಮಚ ಕೊಟ್ಟೆ. ಅವಳು ಉಗುಳಿ, ಬಾಯಿ ತೊಳೆದು, ಒಂದು ಅಚ್ಚು ಬೆಲ್ಲ ಮುಗಿಸಿದ ಮೇಲೆ ಮಾತಾಡಿದಳು: "ಇದ್ನ ಕುಡುದ್ರೆ ಆವಪ್ಪ ಅವತ್ತೇ ಊರಿಗೆ ಓಡೋಯ್ತನೆ. ಹಿಂದ್ಗಡೆನೇ ನಿಮ್ಮ ಆರ್ಡರೂ ಓಡೋಯ್ತದೆ."

ಶುಕ್ರವಾರ ಮತ್ತೆ ಮಾಗಡಿ. ಶೆಟ್ಟರು ತೂಗಿ, ರೂಢಿಯಂತೆ ಡಬ್ಬಕ್ಕೆ ಕೈ ಹಾಕಿದರು. "ಕೊಸರು ಬೇಡ ಶೆಟ್ರೇ" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, "ಮೈಗೆ ಉಷಾರೈತೇನಪ್ಪಾ?" ಎಂದರು.

ಶನಿವಾರ ಎಂಜಿನಿಯರು ಲೋಟವನ್ನು ಬೆಳಕಿಗೆ ಹಿಡಿದ. ಅಂಗಡಿಯ ಟಾನಿಕ್ಕಿನಂತೆ ತಿಳಿಯಾಗಿರದೆ ಚಹಾದ ಬಣ್ಣಕ್ಕಿದ್ದದ್ದು ಕಂಡು ಚಿಕ್ಕಣ್ಣ ನನ್ನ ಕಡೆ ನೋಡಿದ, ನಾನು ಬಾಟಲಿಯ ಕಡೆ ನೋಡಿದೆ. ಕುಡಿದ, ಕಣ್ಣು ಮುಚ್ಚಿದ, ಇನ್ನೊಂದು ಲೋಟ ಕೇಳಿದ. ರೇಟು ಎಷ್ಟೆಂದ. ಇಳಿಸುತ್ತಾನೆಂದು ಎರಡು ಪಟ್ಟು ಹೇಳಿದೆ, ತಲೆಯಾಡಿಸಿ ಒಪ್ಪಿಕೊಂಡುಬಿಟ್ಟ! ಮೂರು ಪಟ್ಟು ಹೇಳಬಹುದಿತ್ತಲ್ಲ ಎಂದು ಹೊಟ್ಟೆ ಇಂದಿಗೂ ಉರಿಯುತ್ತದೆ.

ನೀವು ಮಾಡುವುದಾದರೆ ಇಷ್ಟು ನೆನಪಿಡಿ: ತೊಗಟೆಯನ್ನು ಚೀಟಿಯಲ್ಲಿ ಇದ್ದಷ್ಟೇ ಹಾಕಿ, ಪುಡಿ ಉಳಿಯದಂತೆ ಎರಡು ಸಲ ಸೋಸಿ, ಬಸುರಿಯರಿಗೆ ಕೊಡಬೇಡಿ, ಕುಡಿದು ಕಿವಿ ಗುಂಯ್ ಎಂದರೆ ಕುಡಿಯುವುದನ್ನು ಅಲ್ಲಿಗೇ ನಿಲ್ಲಿಸಿ. ಇನ್ನು, ಚೌಕಾಸಿ ಗೊತ್ತಿಲ್ಲದ ಗಿರಾಕಿ ಸಿಕ್ಕರೆ ರೇಟನ್ನು ಅವನ ಬಾಯಿಂದಲೇ ಮೊದಲು ಹೇಳಿಸಿ.