ಇಬ್ಬರು ಶಿವರು, ಒಂದು ಬಾಗಿದ ತೋಳು

ಬಾಯಿ ತೆರೆದರೆ ಶಿವನಾಮ ಹೇಳುವವನಿಗೆ ಅದೇ ಹೆಸರಿನ ಡ್ರೈವರ್ ಸಿಕ್ಕರೆ ಏನೇನು ಆಗಬಹುದೋ ಅದೆಲ್ಲ ಕಲ್ಮಲದ ನಮ್ಮ ಅಕ್ಕಿ ಗಿರಣಿಯಲ್ಲಿ ಆಗುತ್ತಲೇ ಇರುತ್ತದೆ. ನಮ್ಮ ಶಿವ ಮಸರಕಲ್ ಕಡೆಯವನು, ಕುರಿ ಕಾಯ್ದ ಮನೆತನ. ಹೇಳಿದ ಮಾತಿಗೆ ಎದುರಾಡುವುದಿಲ್ಲ. ಅವನಲ್ಲಿ ನಾನು ಬಹಳ ಮೆಚ್ಚಿಕೊಂಡಿರುವುದು ಅದನ್ನೇ. ಆಪತ್ತು ತಂದದ್ದೂ ಅದೇ.

೧. ಮುಂದ ನಡಸಪ್ಪಾ

ಕಲ್ಲೂರಿನ ಒಬ್ಬ ಯವ್ವ ತನ್ನ ಇಡೀ ಬೆಳೆಯ ಭತ್ತವನ್ನು ನಮ್ಮ ಅಂಗಳದಲ್ಲಿ ಒಣಗಲು ಹರವಿದ್ದಳು. ನಾನು ಲಿಂಗಪೂಜೆ ಮುಗಿಸಿ ಹೊರಗೆ ಬಂದರೆ ಪಡುವಣ ಮುಗಿಲು ಕಪ್ಪಾಗಿದೆ. ಚೀಲ ಹೊರುವ ಹಮಾಲರೆಲ್ಲ ದೇವದುರ್ಗಕ್ಕೆ ಮದುವೆಗೆ ಹೋಗಿದ್ದಾರೆ. ಭತ್ತವನ್ನು ಗೋದಾಮಿಗೆ ಸೇರಿಸಲು ಉಳಿದಿದ್ದು ಮುಂದೆ ಕಾಳು ಬಾಚುವ ದೊಡ್ಡ ಕಬ್ಬಿಣದ ಬಕೆಟ್ ಕಟ್ಟಿದ ನಮ್ಮ ಟ್ರ್ಯಾಕ್ಟರ್ ಒಂದೇ. ಶಿವ ಅದನ್ನು ಗೋದಾಮಿನ ಕಂಬದ ಎದುರಿಗೆ ನಿಲ್ಲಿಸಿ ನನ್ನ ಮಾತಿಗೆ ಕಾಯುತ್ತಿದ್ದ. ನಾನು ಮುಗಿಲು ನೋಡಿ, ಕಣ್ಣು ಮುಚ್ಚಿ, “ಶಿವಾ, ನೀನ ಮುಂದ ನಡಸಪ್ಪಾ” ಅಂದೆ.

ಧಡ್ ಎಂದಿತು. ಕಣ್ಣು ತೆರೆದರೆ ಬಕೆಟ್ ಹಿಡಿಯುವ ಎರಡು ಕಬ್ಬಿಣದ ತೋಳುಗಳಲ್ಲಿ ಎಡಗಡೆಯದು ಬಾಗಿ, ಬಕೆಟ್ ಮುಖ ಸೊಟ್ಟ ಮಾಡಿಕೊಂಡು ನಿಂತಿತ್ತು. ಕಂಬ ಕಾಣಲಿಲ್ಲವೇ ಎಂದು ಕೇಳಿದೆ.

“ಕಂಡಿತ್ರಿ ಸಾವ್ಕಾರ್ರ. ಆದರ ನೀವು ಕಣ್ಣು ಮುಚ್ಚಿ ಹೇಳಿದ್ರಿ. ಏನರ ನಂಬಿಕಿ ಇರಬೇಕು ಅಂದ್ಕೊಂಡೆ.”

೨. ದಾರ

ಫೋನು ಮಾಡಿದ್ದಕ್ಕೆ ರಾಯಚೂರಿನಿಂದ ವೆಲ್ಡಿಂಗ್ ಉಸ್ತಾದರು ಟಂಟಂ ಆಟೋದಲ್ಲಿ ಗ್ಯಾಸು, ಜಾಕು, ಸರಪಳಿ ಹೇರಿಕೊಂಡು ಬಂದರು. ದೊಡ್ಡ ಗಂಟಲಿನ ಮನುಷ್ಯ. ಈ ಜಿಲ್ಲೆಯಲ್ಲಿ ತಾನು ನೆಟ್ಟಗೆ ಮಾಡದ ಕಬ್ಬಿಣವಿಲ್ಲ ಎಂದು ಇಳಿಯುವಾಗಲೇ ಸಾರಿಬಿಟ್ಟರು. ತೋಳು ಎಲ್ಲಿಂದ ಬಾಗಿದೆ ಎಂದು ಅಳೆಯಲು ಒಂದು ದಾರ ಕೇಳಿದರು. ನನ್ನ ಕೈ ತಾನಾಗಿ ಕೊರಳಿಗೆ, ಲಿಂಗ ಕಟ್ಟಿದ ಶಿವದಾರಕ್ಕೆ ಹೋಯಿತು. ಕೊಡುವಂತಿಲ್ಲ, ಇಲ್ಲವೆನ್ನಲು ಬಾಯಿ ಬರುತ್ತಿಲ್ಲ.

“ಅದು ಬ್ಯಾಡ್ರಿ,” ಅಂದರು ಉಸ್ತಾದರು. “ಅದು ನಿಮ್ಮನ್ನ ಸೀದಾ ಇಡಾಕ. ಇದಕ್ಕ ಚೀಲ ಹೊಲಿಯೋ ದಾರ ಸಾಕು.”

೩. ತೀರ್ಥ

ಅವರ ಕೆಲಸ ನೋಡುವುದೂ ಒಂದು ಪುಣ್ಯ. ತೋಳನ್ನು ಬಿಚ್ಚಿ, ದಪ್ಪ ಗರ್ಡರಿನ ಮೇಲೆ ಮಲಗಿಸಿ, ಎರಡೂ ತುದಿಗೆ ಸರಪಳಿ ಬಿಗಿದು, ಬಾಗಿದಲ್ಲಿ ಜಾಕು ಕೊಟ್ಟರು. ಗ್ಯಾಸಿನ ಉರಿಗೆ ಕಬ್ಬಿಣ ಕೆಂಪಾದಂತೆ ಜಾಕನ್ನು ಒಂದಿಷ್ಟು ತಿರುಗಿಸುವುದು, ದಾರ ಹಿಡಿದು ನೋಡುವುದು, ಮತ್ತೆ ಒಂದಿಷ್ಟು ತಿರುಗಿಸುವುದು. ನೆಟ್ಟಗಾಯಿತು ಎನ್ನುವಾಗ ಇನ್ನೂ ಒಂಚೂರು ಒತ್ತಿದರು. ನಾನು ಗಾಬರಿಯಾದರೆ, ಬಿಟ್ಟರ ಅಷ್ಟು ಹೊಳ್ಳಿ ಬರತದ್ರೀ ಅಂದರು. ಜಾಕು ಸಡಿಲಿಸಿದಾಗ ಅಷ್ಟೇ ಹಿಂದೆ ಬಂದು ದಾರಕ್ಕೆ ಸರಿಯಾಗಿ ನಿಂತಿತು.

ನನಗೆ ಆನಂದ ತಡೆಯಲಾಗಲಿಲ್ಲ. ಒಳಗೆ ಹೋಗಿ ಗಿಂಡಿಯಲ್ಲಿ ತೀರ್ಥ ತಂದು ಕೆಂಡದಂಥ ತೋಳಿಗೆ ಪ್ರೋಕ್ಷಣೆ ಮಾಡಹೋದೆ. ಉಸ್ತಾದರು ಕೈ ಹಿಡಿದುಕೊಂಡರು. ಕಾದದ್ದರ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದಂತೆ.

“ತಾನಾಗಿ ಆರಲಿ ಬಿಡ್ರಿ. ದೇವರು ಕಾಯ್ತಾನ. ಕಾದ ಕಬ್ಬಿಣ ಕಾಯಂಗಿಲ್ಲ.”

ಭತ್ತದ ಅಂಚಿನಲ್ಲಿ ಕೂತು ಮುಗಿಲನ್ನೇ ನೋಡುತ್ತಿದ್ದ ಯವ್ವ ಕೈ ಚಾಚಿದಳು. “ಹಂಗಾರ ಆ ತೀರ್ಥ ಇತ್ತಾಗ ಕೊಡು ಯಪ್ಪಾ. ನನ್ನ ಎದಿನೂ ಕಾದದ.” ಗಿಂಡಿ ಖಾಲಿಯಾಯಿತು.

೪. ಸುರಿಸಪ್ಪಾ

ತೋಳು ಆರಿದ ಮೇಲೆ ಬಾಗಿದ್ದ ಜಾಗಕ್ಕೆ ಕಬ್ಬಿಣದ ಪಟ್ಟಿ ಇಟ್ಟು ಬೆಸೆದರು. ತಿರುಗಿ ಕೂಡಿಸುವಾಗ ಪಿನ್ನು ಸುತ್ತಿಗೆ ಏಟಿಲ್ಲದೆ, ಬೆರಳು ಒತ್ತಿದ್ದಕ್ಕೇ ಒಳಗೆ ಹೋಯಿತು. ಬಕೆಟ್ಟಿನ ಮುಖ ನೆಲಕ್ಕೆ ಸಮ. ನಾನು ಕೈ ಮುಗಿದೆ. ನಡೆದದ್ದನ್ನೆಲ್ಲ ಶಿವನಿಂದ ಕೇಳಿದ್ದ ಉಸ್ತಾದರು ಮಾತ್ರ, ಈ ಗಾಡಿ ಹತ್ತಿರ ಇನ್ನು ನೀವು ಬಾಯಿ ಬಿಚ್ಚಬಾರದು ಎಂದು ನನ್ನಿಂದ ಆಣೆ ತೆಗೆದುಕೊಂಡರು.

ಅಲ್ಲಿಯವರೆಗೆ ಪಡುವಣದಲ್ಲೇ ತಡೆದಿದ್ದ ಮುಗಿಲು ಗುಡುಗುತ್ತಾ ಸಮೀಪಿಸಿತು. ಶಿವ ಬಕೆಟ್ ಮೇಲೆ ಬಕೆಟ್ ತುಂಬಿ ಒಳಗೆ ಸುರಿದ. ನೆಲ ಕೆರೆಯದೆ, ಕಾಳು ಚೆಲ್ಲದೆ, ಹೂವು ಎತ್ತಿದ ಹಾಗೆ. ಹಿಂದೆ ಯವ್ವ ಕಸಬರಿಗೆ ಹಿಡಿದು ಉಳಿದ ಕಾಳು ಗುಡಿಸುತ್ತಾ ಬಂದಳು. ನಾನು ತುಟಿ ಕಚ್ಚಿಕೊಂಡು ನಿಂತೆ. ಕೊನೆಗೆ ಆ ಗುಡಿಸಿದ ಕಾಳು, ಹೊಟ್ಟು, ಧೂಳು ತುಂಬಿದ ಬಕೆಟ್ ಒಂದೇ ಉಳಿದು, ನನ್ನ ಪಕ್ಕದಲ್ಲಿ ನೆತ್ತಿಗಿಂತ ಎತ್ತರಕ್ಕೆ ಎದ್ದಿತ್ತು. ಒಂದು ಹನಿಯೂ ಬಿದ್ದಿರಲಿಲ್ಲ. ಆ ಖುಷಿಯಲ್ಲಿ ಆಣೆ ಮರೆತುಹೋಯಿತು. ಇನ್ನು ಮಳೆ ಬಂದರೂ ಚಿಂತೆಯಿಲ್ಲವೆಂದು ಮುಗಿಲಿಗೆ ಕೈ ಮುಗಿದು ಅಂದುಬಿಟ್ಟೆ: “ಶಿವಾ, ಇನ್ನ ಸುರಿಸಪ್ಪಾ.”

ನಮ್ಮ ಶಿವ ಬಕೆಟ್ ಮಗುಚಿದ. ಅದೇ ಗಳಿಗೆಗೆ ಮೇಲಿನವನೂ ಸುರಿಸಿದ. ನೆತ್ತಿಯಿಂದ ಪಾದದವರೆಗೆ ಕಾಳು, ಹೊಟ್ಟು, ಅದರ ಮೇಲೆ ಮಳೆ. ಉಸ್ತಾದರು ಓಡಿ ಬಂದು, ನನ್ನನ್ನಲ್ಲ, ತೋಳನ್ನು ಸವರಿ ನೋಡಿ, ಕೂದಲೆಳೆಯಷ್ಟೂ ಬಾಗಿಲ್ಲ ಎಂದು ಹಿಗ್ಗಿದರು. ಧೂಳು ಒರೆಸಿಕೊಳ್ಳಲು ಕೈ ಎತ್ತಿದೆನೋ ಇಲ್ಲವೋ, ಯವ್ವ ನನ್ನ ರಟ್ಟೆ ಹಿಡಿದಳು.

“ಝಾಡಿಸಬ್ಯಾಡ ಯಪ್ಪಾ, ಹಂಗ ನಡಿ ಗೋದಾಮಿಗೆ. ನನ್ನ ಭತ್ತ ಇನ್ನಾ ಪೂರಾ ಒಳಗ ಹೋಗಿಲ್ಲ.”